ಮದುವೆ ಊರಿಗೆಲ್ಲ ಗೊತ್ತು, ಕಾಗದಕ್ಕೆ ಗೊತ್ತಿಲ್ಲ: ಮಲೆನಾಡಿನಿಂದ ಆಸ್ಟ್ರೇಲಿಯಾಕ್ಕೆ ಪಾರ್ಟ್‌ನರ್ ವೀಸಾ ಹಾಕುವ ಬಗೆ

ನನ್ನ ತಂಗಿಯ ಮದುವೆಗೆ ಸಾಗರ ಸೀಮೆಯ ಅರ್ಧ ಜನ ಬಂದಿದ್ದರು. ಚಪ್ಪರ ಹಾಕಿದವರಿಂದ ಹಿಡಿದು ಕೊನೆಯ ಪಂಕ್ತಿಗೆ ಬಡಿಸಿದವರವರೆಗೆ ಎಲ್ಲರಿಗೂ ಅವಳ ಗಂಡ ಯಾರು, ಮೆಲ್ಬರ್ನ್‌ನಲ್ಲಿ ಏನು ಕೆಲಸ, ಅತ್ತೆಮನೆ ತೀರ್ಥಹಳ್ಳಿ ಕಡೆ ಎಲ್ಲಿ ಎಂದು ಗೊತ್ತು. ವೀಸಾ ಅರ್ಜಿಗೆ ಕೂತಾಗ ತಿಳಿದದ್ದೇ ಬೇರೆ. ಇಷ್ಟು ಜನಕ್ಕೆ ಗೊತ್ತಿರುವ ವಿಷಯಕ್ಕೆ ನಮ್ಮ ಹತ್ತಿರ ಕಾಗದವೇ ಇರಲಿಲ್ಲ. ಮನೆ ಅವಳ ಮಾವನ ಹೆಸರಲ್ಲಿ, ಕರೆಂಟ್ ಬಿಲ್ಲು ಮಾವನ ಹೆಸರಲ್ಲಿ, ದುಡ್ಡು ಬರುವುದು ಮಾವನ ಖಾತೆಗೆ. ಇವಳು ಆ ಮನೆಯಲ್ಲಿ ಇದ್ದಾಳೆ ಅನ್ನುವುದಕ್ಕೆ ಸಾಕ್ಷಿ ಎಂದರೆ ಕೊಟ್ಟಿಗೆಯ ದನಗಳು ಅಷ್ಟೇ.

ಅವಳ ಫೈಲು ಕಟ್ಟಿದ್ದು ನಾನು. ಆಮೇಲೆ ಅಕ್ಕಪಕ್ಕದ ಊರಿನ ನಾಲ್ಕೈದು ಮನೆಯವರು ಬಂದು ಕೇಳಿದರು. ಪ್ರತಿ ಸಲ ಹೇಳಿದ್ದನ್ನೇ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗಂಡನ ವೀಸಾ ಯಾವುದು ಅಂತ ಕೇಳಿ

ಸಂಕೋಚ ಬೇಡ. ಸಾಧ್ಯವಾದರೆ ಮದುವೆಗೆ ಮುಂಚೆಯೇ ಕೇಳಿ. "ಆಸ್ಟ್ರೇಲಿಯಾದಲ್ಲಿದ್ದಾನೆ" ಎನ್ನುವುದು ಉತ್ತರವಲ್ಲ. ಪಾರ್ಟ್‌ನರ್ ವೀಸಾಕ್ಕೆ ಪ್ರಾಯೋಜಕರಾಗಲು ಆತ ಆಸ್ಟ್ರೇಲಿಯಾದ ಪೌರನಾಗಿರಬೇಕು, ಇಲ್ಲವೇ ಕಾಯಂ ನಿವಾಸಿಯಾಗಿರಬೇಕು, ಇಲ್ಲವೇ ಅರ್ಹತೆಯಿರುವ ನ್ಯೂಜಿಲೆಂಡ್ ಪೌರನಾಗಿರಬೇಕು. 482ರಂಥ ತಾತ್ಕಾಲಿಕ ಕೆಲಸದ ವೀಸಾದಲ್ಲೋ 500ರ ವಿದ್ಯಾರ್ಥಿ ವೀಸಾದಲ್ಲೋ ಇದ್ದರೆ ಈ ದಾರಿಯಿಲ್ಲ. ಆಗ ಹೆಂಡತಿ ಅವನ ವೀಸಾಕ್ಕೇ ಅವಲಂಬಿತಳಾಗಿ ಸೇರಬೇಕು. ಅದರ ಅರ್ಜಿ, ಶುಲ್ಕ ಎರಡೂ ಬೇರೆ.

ನಡುವೆ ಇನ್ನೊಂದು ಸ್ಥಿತಿ ಉಂಟು. ಆತ 189, 190ರಂಥ ಕೌಶಲ್ಯದ ಕಾಯಂ ವೀಸಾಕ್ಕೆ ಅರ್ಜಿ ಹಾಕಿ ಕಾಯುತ್ತಿರಬಹುದು. ಹಾಗಿದ್ದರೆ ಅದು ತೀರ್ಮಾನವಾಗುವ ಮೊದಲೇ ಮದುವೆ ಮಾಡಿಕೊಂಡು ಹೆಂಡತಿಯ ಹೆಸರನ್ನು ಅದೇ ಅರ್ಜಿಗೆ ಸೇರಿಸಬಹುದು. ಖರ್ಚು ಎಷ್ಟೋ ಕಡಿಮೆ, ಕಾಯುವುದೂ ಕಡಿಮೆ. ವೀಸಾ ಕೈಗೆ ಬಂದ ಮರುವಾರ ಮದುವೆಯಾದರೆ ಈ ಬಾಗಿಲು ಮುಚ್ಚಿರುತ್ತದೆ. ಆಷಾಢ ಕಳೆಯಲಿ, ಕೊಯ್ಲು ಮುಗಿಯಲಿ ಎಂದು ಮುಹೂರ್ತ ಮುಂದೂಡುವವರು ಈ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ.

ಪಾರ್ಟ್‌ನರ್ ವೀಸಾವೇ ಆದರೆ, ಭಾರತದಲ್ಲಿದ್ದುಕೊಂಡು ಹಾಕುವುದು 309 ಮತ್ತು 100. ಎರಡಕ್ಕೂ ಒಂದೇ ಅರ್ಜಿ, ಒಂದೇ ಶುಲ್ಕ. ಮೊದಲು ಸಿಗುವುದು ತಾತ್ಕಾಲಿಕ 309. ಅರ್ಜಿ ಹಾಕಿ ಎರಡು ವರ್ಷವಾದ ಮೇಲೆ ಕಾಯಂ 100ಕ್ಕೆ ಪರಿಶೀಲನೆ. ಅರ್ಜಿ ಹಾಕುವ ಹೊತ್ತಿಗೇ ಮೂರು ವರ್ಷ ಒಟ್ಟಿಗೆ ಸಂಸಾರ ಮಾಡಿದವರಿಗೆ, ಮಗುವಿದ್ದರೆ ಎರಡು ವರ್ಷ ಮಾಡಿದವರಿಗೆ, ನೇರವಾಗಿ ಕಾಯಂ ಸಿಗಬಹುದು. ನಿಶ್ಚಿತಾರ್ಥ ಮಾತ್ರ ಆಗಿದ್ದರೆ 300 ಎಂಬ ಇನ್ನೊಂದು ವೀಸಾ ಇದೆ, ಅಲ್ಲಿಗೆ ಹೋಗಿ ಅವಧಿಯೊಳಗೆ ಮದುವೆಯಾಗಬೇಕು. ನಮ್ಮ ಕಡೆ ಅದನ್ನು ಹಾಕಿದವರನ್ನು ನಾನು ಕಂಡಿಲ್ಲ.

ಇಂಗ್ಲಿಷ್ ಪರೀಕ್ಷೆ ಬೇಡ. ಬ್ರಿಟನ್ನಿಗೆ, ಜರ್ಮನಿಗೆ ಹೋಗುವ ಹೆಂಡತಿಯರಿಗೆ ಸಾಮಾನ್ಯವಾಗಿ ಎ1 ಮಟ್ಟದ ಭಾಷಾ ಪರೀಕ್ಷೆ ಇರುತ್ತದೆ. ಅದನ್ನು ಕೇಳಿ ಗಾಬರಿಯಾಗಿ ಶಿವಮೊಗ್ಗದಲ್ಲಿ ಐಇಎಲ್‌ಟಿಎಸ್ ತರಗತಿಗೆ ದುಡ್ಡು ಕಟ್ಟಿದವರಿದ್ದಾರೆ. ಕಲಿತರೆ ನಷ್ಟವೇನಿಲ್ಲ, ಈ ವೀಸಾಕ್ಕೆ ಬೇಕಾಗಿಲ್ಲ ಅಷ್ಟೇ.

ಹೆಸರು: ನಮ್ಮ ಕಡೆಯವರ ದೊಡ್ಡ ತಲೆನೋವು

ಶಾಲೆಯ ಅಂಕಪಟ್ಟಿಯಲ್ಲಿ ಹೆಸರಿನ ಮುಂದೋ ಹಿಂದೋ ಎರಡು ಇನಿಶಿಯಲ್ಲು. ಒಂದು ಊರಿನದು, ಒಂದು ಅಪ್ಪನದು. ಆಧಾರ್‌ನಲ್ಲಿ ಇನಿಶಿಯಲ್ಲು ಬಿಡಿಸಿ ಬರೆದಿದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಮದುವೆ ಪತ್ರಿಕೆಯಲ್ಲಿ ಮನೆಯಲ್ಲಿ ಕರೆಯುವ ಹೆಸರು. ಇವೆಲ್ಲ ಒಬ್ಬಳೇ ಹುಡುಗಿ ಎಂದು ನಮಗೆ ಗೊತ್ತು. ಫೈಲು ನೋಡುವ ಅಧಿಕಾರಿಗೆ ನಾಲ್ಕು ಜನ ಕಾಣುತ್ತಾರೆ.

ಪಾಸ್‌ಪೋರ್ಟನ್ನು ಮೂಲವಾಗಿಟ್ಟುಕೊಳ್ಳಿ. ಅರ್ಜಿಯಲ್ಲಿ ಹೆಸರು ಅದರಲ್ಲಿದ್ದ ಹಾಗೇ ಇರಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅದನ್ನು ಅರ್ಜಿಯ ಕುಟುಂಬನಾಮದ ಜಾಗದಲ್ಲಿ ತುಂಬುತ್ತಾರೆ. ಮಿಕ್ಕ ರೂಪಗಳನ್ನೆಲ್ಲ "ಬೇರೆ ಹೆಸರುಗಳು" ಎಂಬ ಪ್ರಶ್ನೆಯಡಿ ಒಂದೂ ಬಿಡದೆ ಬರೆಯಿರಿ, ಜೊತೆಗೆ ಈ ಹೆಸರುಗಳೆಲ್ಲ ಒಬ್ಬರದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ. ಮದುವೆಯಾಯಿತೆಂದು ಹೆಸರು ಬದಲಾಯಿಸಬೇಕಾದ ಅಗತ್ಯವಿಲ್ಲ. ವೀಸಾ ಅರ್ಜಿಯ ನಡುವೆ ಬದಲಾಯಿಸುವುದಂತೂ ಬೇಡವೇ ಬೇಡ.

ಊರಿನ ಹೆಸರಿನದೂ ಇದೇ ಕಥೆ. 2014ರ ನವೆಂಬರ್ 1ರಿಂದ ಶಿಮೊಗ್ಗ ಅಧಿಕೃತವಾಗಿ ಶಿವಮೊಗ್ಗ ಆಯಿತು. ಜನನ ಪ್ರಮಾಣಪತ್ರದಲ್ಲಿ ಹಳೆಯದು, ಮದುವೆ ಪ್ರಮಾಣಪತ್ರದಲ್ಲಿ ಹೊಸದು ಇರುತ್ತದೆ. ವಿವರಣೆಯ ಪತ್ರದಲ್ಲಿ ಅದಕ್ಕೊಂದು ಸಾಲು ಬರೆದರೆ ಮುಗಿಯಿತು.

ಮದುವೆ ನೋಂದಣಿ ಆಗಿಲ್ಲದಿದ್ದರೆ ಇವತ್ತೇ ಅದಕ್ಕೆ ಹೊರಡಿ. ಹಿಂದೂ ವಿವಾಹಗಳಿಗೆ 2024ರ ಫೆಬ್ರವರಿಯಿಂದ ಕಾವೇರಿ 2.0 ತಂತ್ರಾಂಶದಲ್ಲಿ ಆನ್‌ಲೈನ್ ಅರ್ಜಿಯ ಅನುಕೂಲವಿದೆ, ಉಪನೋಂದಣಾಧಿಕಾರಿ ಕಚೇರಿಗೂ ಹೋಗಬಹುದು. ಗಂಡ ರಜೆಯ ಮೇಲೆ ಊರಲ್ಲಿರುವಾಗಲೇ ಮುಗಿಸಿ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಅಕ್ಷರ ಅಕ್ಷರ ಓದಿ. ನಾವು ಖುಷಿಯಲ್ಲಿ ಹಾಗೇ ಮಡಚಿ ಚೀಲಕ್ಕೆ ಹಾಕಿಕೊಂಡು ಬಂದೆವು. ಮನೆಗೆ ಬಂದು ನೋಡಿದರೆ ಭಾವನ, ಅಂದರೆ ತಂಗಿಯ ಗಂಡನ, ಅಪ್ಪನ ಹೆಸರಿನಲ್ಲಿ ಒಂದು ಅಕ್ಷರ ತಪ್ಪು. ಅದನ್ನು ಸರಿ ಮಾಡಿಸಲು ಸುರಿವ ಮಳೆಯಲ್ಲಿ ಮೂರು ಸಲ ಓಡಾಡಿದೆ.

ನಾಲ್ಕು ಕಂಬ

ಆಸ್ಟ್ರೇಲಿಯಾದ 1958ರ ವಲಸೆ ಕಾಯ್ದೆಯಲ್ಲಿ ದಂಪತಿ ಎಂದರೆ ಯಾರು ಎಂಬ ವ್ಯಾಖ್ಯೆ ಇದೆ. ಕಾನೂನುಬದ್ಧ ಮದುವೆ ಇದ್ದರೆ ಸಾಲದು. ಬೇರೆಯವರಿಗೆ ಜಾಗವಿಲ್ಲದಂತೆ ಒಬ್ಬರಿಗೊಬ್ಬರು ಬದ್ಧರಾಗಿರಬೇಕು, ಸಂಬಂಧ ನಿಜವಾದದ್ದೂ ಮುಂದುವರಿಯುತ್ತಿರುವುದೂ ಆಗಿರಬೇಕು, ಒಟ್ಟಿಗೆ ಬದುಕುತ್ತಿರಬೇಕು ಅಥವಾ ಶಾಶ್ವತವಾಗಿ ಬೇರೆಯಾಗಿರಬಾರದು. ಇದನ್ನು ಅಳೆಯಲು 1994ರ ನಿಯಮಾವಳಿ ನಾಲ್ಕು ವಿಷಯ ಹೇಳುತ್ತದೆ: ಹಣಕಾಸು, ಮನೆವಾರ್ತೆ, ಸಾಮಾಜಿಕ ಮುಖ, ಬದ್ಧತೆ. ನಿಮ್ಮ ಫೈಲಿನಲ್ಲೂ ಇವೇ ನಾಲ್ಕು ಭಾಗ ಇರಲಿ.

ಹಣಕಾಸಿನಲ್ಲಿ ನಮ್ಮವರು ಮಾಡುವ ತಪ್ಪು ಒಂದೇ. ಮಗ ಅಪ್ಪನ ಖಾತೆಗೆ ಕಳಿಸುತ್ತಾನೆ, ಅಪ್ಪ ಸೊಸೆಯ ಕೈಗೆ ನೋಟು ಕೊಡುತ್ತಾರೆ. ಮನೆ ಚೆನ್ನಾಗಿಯೇ ನಡೆಯುತ್ತದೆ, ಕಾಗದದ ಮೇಲೆ ಮಾತ್ರ ಗಂಡ ಹೆಂಡತಿಗೆ ಬಿಡಿಗಾಸು ಕೊಟ್ಟಿಲ್ಲ. ಮದುವೆಯಾದ ತಿಂಗಳಿಂದಲೇ ಸ್ವಲ್ಪವಾದರೂ ನೇರವಾಗಿ ಅವಳ ಖಾತೆಗೆ ಬರಲಿ. ಹತ್ತು ಸಾವಿರವಾದರೂ ಸರಿ, ತಿಂಗಳು ತಪ್ಪದಿರಲಿ. ಅನಿವಾಸಿಯ ಎನ್‌ಆರ್‌ಇ ಖಾತೆಗೆ ಇಲ್ಲಿರುವ ಹೆಂಡತಿಯನ್ನು ಜಂಟಿದಾರಳಾಗಿ ಸೇರಿಸಲು ಅವಕಾಶವಿದೆ; "ಮೊದಲನೆಯವರು ಅಥವಾ ಬದುಕುಳಿದವರು" (ಫಾರ್ಮರ್ ಆರ್ ಸರ್ವೈವರ್) ಎಂಬ ಷರತ್ತಿನ ಮೇಲೆ ಬ್ಯಾಂಕಿನವರು ಮಾಡಿಕೊಡುತ್ತಾರೆ. ಅಲ್ಲಿ ಅವನ ಸೂಪರ್‌ಆನ್ಯುಯೇಶನ್ (ನಿವೃತ್ತಿ ಉಳಿತಾಯ) ಖಾತೆಗೆ, ಇಲ್ಲಿ ಇಬ್ಬರ ವಿಮೆಗೆ ಒಬ್ಬರಿಗೊಬ್ಬರು ನಾಮಿನಿಯಾಗಿ. ಮದುವೆ ಖರ್ಚಿನ ರಶೀದಿ, ಛತ್ರದ ಬಿಲ್ಲು, ಬಟ್ಟೆ ಅಂಗಡಿಯ ಬಿಲ್ಲು ಬಿಸಾಡಬೇಡಿ.

ಮನೆವಾರ್ತೆ ಕಷ್ಟದ್ದು, ಯಾಕೆಂದರೆ ಗಂಡ ಅಲ್ಲಿ, ಹೆಂಡತಿ ಇಲ್ಲಿ. ಒಟ್ಟಿಗಿದ್ದ ದಿನಗಳ ಪಟ್ಟಿ ಮಾಡಿ: ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಇಂಥ ಮನೆಯಲ್ಲಿ. ವಿಮಾನದ ಟಿಕೆಟು, ಪಾಸ್‌ಪೋರ್ಟಿನ ಮುದ್ರೆ ಅದಕ್ಕೆ ತಾಳೆಯಾಗಬೇಕು. ಅತ್ತೆಮನೆಯಲ್ಲೇ ಇದ್ದಾಳೆ ಎನ್ನುವುದಕ್ಕೆ ನಮ್ಮ ಊರಿನ ಅತ್ಯುತ್ತಮ ಕಾಗದ ಪಡಿತರ ಚೀಟಿ. ಅದಕ್ಕೆ ಸೊಸೆಯ ಹೆಸರು ಸೇರಿಸಿ, ಆಧಾರ್‌ನಲ್ಲಿ ವಿಳಾಸ ಬದಲಿಸಿ, ಬ್ಯಾಂಕಿನಲ್ಲೂ ಬದಲಿಸಿ. ಕೂಡುಕುಟುಂಬದಲ್ಲಿ ಮನೆ, ತೋಟ ಯಾರ ಹೆಸರಿನಲ್ಲಿವೆ, ಯಾಕೆ ಎಂಬುದನ್ನು ಎರಡು ವಾಕ್ಯದಲ್ಲಿ ವಿವರಿಸಿ, ಮಾವನಿಂದ ಒಂದು ಅಫಿಡವಿಟ್ ಹಾಕಿಸಿ.

ಆಷಾಢದ ವಿಷಯ ಮರೆಯಬೇಡಿ. ಮದುವೆಯಾದ ವರ್ಷ ಆಷಾಢಕ್ಕೆ ಹುಡುಗಿ ತವರಿಗೆ ಬರುತ್ತಾಳೆ. ಗಂಡ ಅದೇ ಹೊತ್ತಿಗೆ ರಜೆ ಹಾಕಿ ಬಂದಿದ್ದರೆ ಆ ದಿನಗಳಲ್ಲಿ ಇಬ್ಬರ ವಿಳಾಸ ಬೇರೆ ಬೇರೆ ಕಾಣುತ್ತದೆ. ನಮಗೆ ಇದು ಪದ್ಧತಿ, ಓದುವವರಿಗೆ ಅನುಮಾನ. ನಾನು ತಂಗಿಯ ಹೇಳಿಕೆಯಲ್ಲಿ ಈ ಪದ್ಧತಿಯನ್ನು ಹೆಸರು ಹಿಡಿದೇ ಬರೆಸಿದೆ. ಯಾವ ದಿನ ತವರಿಗೆ ಬಂದಳು, ಯಾವ ದಿನ ವಾಪಸು ಹೋದಳು, ಎಲ್ಲವನ್ನೂ.

ಸಾಮಾಜಿಕ ಮುಖದಲ್ಲಿ ನಾವು ಶ್ರೀಮಂತರು. ಆದರೆ ಆಲ್ಬಮ್ಮಿನ ಐನೂರು ಫೋಟೋ ತುರುಕಬೇಡಿ. ಇಪ್ಪತ್ತು ಸಾಕು: ನಿಶ್ಚಿತಾರ್ಥ, ಧಾರೆ, ವಧೂಪ್ರವೇಶ, ಮೊದಲ ದೀಪಾವಳಿ, ಭೂಮಿ ಹುಣ್ಣಿಮೆಗೆ ಗದ್ದೆ ಬದಿಯಲ್ಲಿ ಕೂತು ಉಂಡದ್ದು, ಸಾಗರದ ಮಾರಿಜಾತ್ರೆಗೆ ಇಬ್ಬರೂ ಹೋದದ್ದು. ಪ್ರತಿಯೊಂದರ ಕೆಳಗೆ ದಿನ, ಸ್ಥಳ, ಯಾರು ಯಾರು. ಮಂಟಪದಲ್ಲಿ ಕಣ್ಣು ಕೆಳಗೆ ಹಾಕಿ ಕೂತ ಹತ್ತು ಫೋಟೋಗಿಂತ ಮಾವನ ಜೊತೆ ಅಂಗಳದಲ್ಲಿ ಅಡಿಕೆ ಆರಿಸುವಾಗ ತೆಗೆದ ಒಂದು ಫೋಟೋಗೆ ತೂಕ ಹೆಚ್ಚು ಎಂದು ನನ್ನ ಅನಿಸಿಕೆ. ಮದುವೆ ಪತ್ರಿಕೆಯನ್ನೂ ಮುಯ್ಯಿ ಪುಸ್ತಕದ ಎರಡು ಪುಟವನ್ನೂ ಅನುವಾದದ ಜೊತೆ ಹಾಕಿದೆವು. ಮುಯ್ಯಿ ಎಂದರೇನು ಎಂದು ಇಂಗ್ಲಿಷಿನಲ್ಲಿ ವಿವರಿಸಲು ಅರ್ಧ ದಿನ ಹಿಡಿಯಿತು.

ಕನ್ನಡದ ಯಾವುದೇ ಕಾಗದಕ್ಕೆ ಇಂಗ್ಲಿಷ್ ಅನುವಾದ ಬೇಕು. ಅನುವಾದಕರು ಆಸ್ಟ್ರೇಲಿಯಾದ ಮಾನ್ಯತೆ ಪಡೆದವರೇ ಆಗಬೇಕಿಲ್ಲ. ಭಾರತದಲ್ಲಿ ಮಾಡಿಸಿದ್ದಾದರೆ ಅವರ ಪೂರ್ಣ ಹೆಸರು, ವಿಳಾಸ, ಫೋನು, ಭಾಷೆಯಲ್ಲಿನ ಅರ್ಹತೆ ಮತ್ತು ಅನುಭವ ಕೆಳಗೆ ಬರೆದಿರಬೇಕು. ಮನೆಯವರೇ ಅನುವಾದ ಮಾಡುವುದು ಬೇಡ.

ಬದ್ಧತೆ ಎಂದರೆ ದೂರವಿದ್ದಾಗ ಹೇಗೆ ಜೊತೆಯಾಗಿದ್ದೀರಿ, ಮುಂದೇನು ಎಂಬುದು. ವಾಟ್ಸ್‌ಆ್ಯಪ್ ಮಾತುಕತೆಯನ್ನೆಲ್ಲ ಮುದ್ರಿಸಿ ಕಳಿಸಿದರೆ ಓದುವವರಿಲ್ಲ. ತಿಂಗಳಿಗೊಂದು ಪುಟ, ಜೊತೆಗೆ ಕರೆಗಳ ದಾಖಲೆ, ಸಾಕು. ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟು ಹೋಗಿ ಟವರ್ ಮಲಗಿದಾಗ ತಂಗಿ ಗುಡ್ಡದ ನೆತ್ತಿಗೆ ಹತ್ತಿ, ಸಿಗ್ನಲ್ ಸಿಕ್ಕ ಎರಡು ನಿಮಿಷದಲ್ಲಿ ಮಾತಾಡಿ ಬರುತ್ತಿದ್ದಳು. ಕರೆಪಟ್ಟಿಯಲ್ಲಿ ಆ ವಾರ ಖಾಲಿಯಿತ್ತು. ಖಾಲಿ ಯಾಕೆ ಎಂದು ಬರೆದೆವು.

ಹೇಳಿಕೆ ಬರೆಯುವುದು

ಗಂಡ, ಹೆಂಡತಿ ಇಬ್ಬರೂ ಬೇರೆ ಬೇರೆಯಾಗಿ ಸಂಬಂಧದ ಕಥೆ ಬರೆಯಬೇಕು. ಹೇಗೆ ಪರಿಚಯ, ಯಾವಾಗ ಮದುವೆ ಒಪ್ಪಿದ್ದು, ಮನೆ ಹೇಗೆ ನಡೆಯುತ್ತಿದೆ, ದೂರವಿದ್ದ ಕಾಲ, ಮುಂದಿನ ಯೋಜನೆ.

ಇಲ್ಲಿ ಅನೇಕರು ನಾಚಿಕೊಂಡು ಸುಳ್ಳು ಹೇಳುತ್ತಾರೆ. ಮನೆಯವರು ನೋಡಿ ಮಾಡಿದ ಮದುವೆ ಎಂದರೆ ನಂಬುವುದಿಲ್ಲವೇನೋ ಎಂದು ಇಲ್ಲದ ಪ್ರೇಮಕಥೆ ಕಟ್ಟುತ್ತಾರೆ. ಬೇಡ ಮಾರಾಯ್ರೇ. ಜಾತಕ ಯಾರು ತಂದರು, ಹೆಣ್ಣು ನೋಡುವ ಶಾಸ್ತ್ರಕ್ಕೆ ಯಾವ ತಾರೀಖು ಬಂದರು, ಕೇಸರಿಬಾತು ಉಪ್ಪಿಟ್ಟಿನ ನಡುವೆ ಇಬ್ಬರಿಗೂ ಹದಿನೈದು ನಿಮಿಷ ಮಾತಾಡಲು ಬಿಟ್ಟಾಗ ಏನು ಮಾತಾಡಿದರು, ಅದನ್ನೇ ಬರೆಯಿರಿ. ಭಾರತದ ಫೈಲುಗಳನ್ನು ದಿನವೂ ನೋಡುವವರಿಗೆ ನಿಶ್ಚಯಿಸಿದ ಮದುವೆ ಹೊಸದಲ್ಲ. ಅವರಿಗೆ ಬೇಕಾದ್ದು ವಿವರ. ಭಾವ ಬರೆದ ಮೊದಲ ಕರಡಿನಲ್ಲಿ "ನಾವು ಸುಖವಾಗಿದ್ದೇವೆ" ಎಂದಿತ್ತು. ಹರಿದು ಹಾಕಿಸಿದೆ. ಎರಡನೆಯದರಲ್ಲಿ ತಂಗಿಗೆ ಬಸ್ಸಿನಲ್ಲಿ ವಾಂತಿಯಾಗುವುದು, ಆದ್ದರಿಂದ ಆಗುಂಬೆ ಘಾಟಿ ಇಳಿಯುವಾಗ ಮುಂದಿನ ಸೀಟಿಗೆ ಜಗಳವಾಡಿದ್ದು ಇತ್ತು. ಅದು ಗಂಡ ಬರೆದ ಹಾಗಿತ್ತು.

ಬರೆದಾದ ಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ತಾರೀಖು ಮಾತ್ರ ತಾಳೆ ನೋಡಿ. ಭಾಷೆ ಒಂದೇ ರೀತಿ ಮಾಡಬೇಡಿ. ಸುಳ್ಳು ಮಾಹಿತಿ, ನಕಲಿ ದಾಖಲೆ ಸಿಕ್ಕಿಬಿದ್ದರೆ ಅರ್ಜಿ ತಿರಸ್ಕಾರವಾಗುವುದಲ್ಲದೆ ಮೂರು ವರ್ಷ ಬೇರೆ ವೀಸಾಗಳಿಗೂ ಅಡ್ಡಿ. ಗುರುತಿನಲ್ಲೇ ಮೋಸವಿದ್ದರೆ ಹತ್ತು ವರ್ಷ.

ಇದಲ್ಲದೆ 888 ಎಂಬ ನಮೂನೆಯಲ್ಲಿ ಇಬ್ಬರಿಂದಲಾದರೂ ಸಾಕ್ಷಿ ಹೇಳಿಕೆ ಬೇಕು. ನಿಮ್ಮಿಬ್ಬರನ್ನೂ ಬಲ್ಲ, ಅಲ್ಲಿನ ಪೌರರೋ ಕಾಯಂ ನಿವಾಸಿಗಳೋ ಆದವರು ಬರೆದರೆ ಒಳ್ಳೆಯದು. ಮದುವೆಗೆ ಅಲ್ಲಿಂದ ಬಂದ ಸ್ನೇಹಿತನಿದ್ದರೆ ಅವನೇ ಮೊದಲು. ಊರಿನವರದು ನೋಟರಿ ಅಫಿಡವಿಟ್ ಆಗಿ ಜೊತೆಗೆ ಹೋಗಲಿ.

ಅರ್ಜಿ, ಶುಲ್ಕ

ಎಲ್ಲವೂ ಇಮ್ಮಿಅಕೌಂಟ್ ಎಂಬ ಸರ್ಕಾರಿ ಜಾಲತಾಣದಲ್ಲಿ. ಮೊದಲು ಹೆಂಡತಿಯ ಅರ್ಜಿ. ಅದಕ್ಕೆ ಸಿಗುವ ಟಿಆರ್‌ಎನ್ ಎಂಬ ಅರ್ಜಿಯ ಗುರುತು ಸಂಖ್ಯೆ ಹಾಕಿ ಗಂಡ ತನ್ನ ಪ್ರಾಯೋಜಕ ಅರ್ಜಿ ಸಲ್ಲಿಸಬೇಕು. ಇದನ್ನು ಮರೆತು ತಿಂಗಳುಗಟ್ಟಲೆ ಸುಮ್ಮನೆ ಕೂತ ಗಂಡಂದಿರಿದ್ದಾರೆ. ಅರ್ಜಿ ಹಾಕುವ ದಿನ ಹೆಂಡತಿ ಆಸ್ಟ್ರೇಲಿಯಾದ ಹೊರಗಿರಬೇಕು.

ಶುಲ್ಕ 2025ರ ಜುಲೈನಿಂದ 9,365 ಆಸ್ಟ್ರೇಲಿಯನ್ ಡಾಲರ್. ನಮ್ಮ ದುಡ್ಡಿನಲ್ಲಿ ಐದು ಲಕ್ಷ ದಾಟುತ್ತದೆ. ಸಾಮಾನ್ಯವಾಗಿ ಪ್ರತಿ ಜುಲೈ 1ಕ್ಕೆ ಏರುತ್ತದೆ, ಆದ್ದರಿಂದ ಕಟ್ಟುವ ಮುನ್ನ ವೀಸಾ ಕೊಡುವ ಅಲ್ಲಿನ ಗೃಹ ವ್ಯವಹಾರಗಳ ಇಲಾಖೆಯ ಪುಟ ನೋಡಿ. ಜೂನ್ ಕೊನೆಯಲ್ಲಿದ್ದರೆ ತಡ ಮಾಡಬೇಡಿ. ತಿರಸ್ಕಾರವಾದರೆ ವಾಪಸಿಲ್ಲ. ಅಲ್ಲಿಂದ ಗಂಡನೇ ಕಟ್ಟುವುದು ಸುಲಭ, ಜೊತೆಗೆ ಅದೂ ಒಂದು ಹಣಕಾಸಿನ ಸಾಕ್ಷಿ.

ದಾಖಲೆಗಳನ್ನು ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಒಂದು ಫೈಲು 5 ಎಂಬಿ ಮೀರಬಾರದು. ಬಿಡಿಬಿಡಿಯಾಗಿ ಹಾಕದೆ ವಿಷಯವಾರು ಪಿಡಿಎಫ್ ಮಾಡಿ, ಹೆಸರಿನಲ್ಲೇ ಏನೆಂದು ತಿಳಿಯುವಂತಿರಲಿ.

ಏಜೆಂಟರು ಬೇಕೇ? ಸರಳವಾದ ಫೈಲಿಗೆ ಬೇಡ ಎನ್ನುವವನು ನಾನು. ಹಿಂದೊಮ್ಮೆ ವೀಸಾ ತಿರಸ್ಕಾರವಾಗಿದ್ದರೆ, ಎರಡನೇ ಮದುವೆಯಾದರೆ, ಗಂಡ ಮೊದಲೇ ಒಬ್ಬರಿಗೆ ಪ್ರಾಯೋಜಕನಾಗಿದ್ದರೆ ಬೇಕು. ಒಬ್ಬರು ಜೀವಮಾನದಲ್ಲಿ ಸಾಮಾನ್ಯವಾಗಿ ಇಬ್ಬರಿಗೆ ಮಾತ್ರ ಪ್ರಾಯೋಜಕರಾಗಬಹುದು, ನಡುವೆ ಐದು ವರ್ಷದ ಅಂತರವಿರಬೇಕು. ಏಜೆಂಟರ ಹತ್ತಿರ ಆಸ್ಟ್ರೇಲಿಯಾದ ವಲಸೆ ಏಜೆಂಟರಿಗೆ ಕೊಡುವ ಏಳು ಅಂಕಿಯ ಎಂಎಆರ್‌ಎನ್ ನೋಂದಣಿ ಸಂಖ್ಯೆ ಕೇಳಿ, ಇಲ್ಲದಿದ್ದರೆ ಎದ್ದು ಬನ್ನಿ. "ಗ್ಯಾರಂಟಿ ವೀಸಾ" ಎಂದವರ ಅಂಗಡಿಯಲ್ಲಿ ಕಾಫಿಯನ್ನೂ ಕುಡಿಯಬೇಡಿ.

ಪೊಲೀಸು, ಡಾಕ್ಟರು

ಹದಿನಾರು ವರ್ಷವಾದ ಮೇಲೆ, ಕಳೆದ ಹತ್ತು ವರ್ಷದಲ್ಲಿ ಒಟ್ಟು 12 ತಿಂಗಳು ಇದ್ದ ಪ್ರತಿ ದೇಶದ ಪೊಲೀಸ್ ಪ್ರಮಾಣಪತ್ರ ಬೇಕು. ಭಾರತದ್ದು ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ, ಶುಲ್ಕ 500 ರೂಪಾಯಿ. 2022ರ ಸೆಪ್ಟೆಂಬರ್‌ನಿಂದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರಗಳಲ್ಲೂ ಇದಕ್ಕೆ ಅವಕಾಶವಾಗಿದೆ. ಪಾಸ್‌ಪೋರ್ಟಿನಲ್ಲಿ ತವರಿನ ವಿಳಾಸ, ಈಗ ಇರುವುದು ಅತ್ತೆಮನೆ ಎಂದಾದರೆ ಈಗಿನ ವಿಳಾಸವನ್ನೇ ಕೊಟ್ಟು ಅದಕ್ಕೆ ದಾಖಲೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಸಾಗರದ ಪೊಲೀಸರು ತವರಿನ ಬಾಗಿಲು ತಟ್ಟುತ್ತಾರೆ, ಹುಡುಗಿ ತೀರ್ಥಹಳ್ಳಿಯಲ್ಲಿರುತ್ತಾಳೆ. ಗಂಡನಿಗೂ ಅಲ್ಲಿನ ಫೆಡರಲ್ ಪೊಲೀಸರ ಪತ್ರ ಬೇಕು.

ವೈದ್ಯಕೀಯ ಪರೀಕ್ಷೆಗೆ ಇಲಾಖೆಯ ಪಟ್ಟಿಯಲ್ಲಿರುವ ವೈದ್ಯರ ಹತ್ತಿರವೇ ಹೋಗಬೇಕು. ನಮಗೆ ಅದು ಬೆಂಗಳೂರು. ಪರೀಕ್ಷೆಗೆಂದು ಇಲಾಖೆ ಕೊಡುವ ಎಚ್‌ಎಪಿ ಐಡಿ ಎಂಬ ಗುರುತು ಸಂಖ್ಯೆ ಮುದ್ರಿಸಿಕೊಂಡು, ಪಾಸ್‌ಪೋರ್ಟ್ ಹಿಡಿದು, ರಾತ್ರಿ ರೈಲಿಗೆ ಹೊರಟರೆ ಮರುದಿನ ಸಂಜೆ ವಾಪಸು. ದೇಹ ಪರೀಕ್ಷೆ, ಮೂತ್ರ, ರಕ್ತ, ಎದೆಯ ಎಕ್ಸ್‌ರೇ ಇರುತ್ತವೆ. ಗರ್ಭಿಣಿಯಾಗಿದ್ದರೆ ಎಕ್ಸ್‌ರೇಗೆ ಮುಂಚೆ ಹೇಳಬೇಕು. ಎರಡೂ ಪತ್ರಗಳು ಸಾಮಾನ್ಯವಾಗಿ 12 ತಿಂಗಳು ನಡೆಯುತ್ತವೆ. ಪೊಲೀಸ್ ಪತ್ರ ಮೊದಲೇ ಹಾಕಿ, ವೈದ್ಯಕೀಯ ಕೇಳಿದ ಮೇಲೆ ಮಾಡಿಸಿದರೂ ಆದೀತು ಎಂದು ನಾವು ತೀರ್ಮಾನಿಸಿದೆವು. ಹಾಗೆ ಮಾಡಿದ್ದಕ್ಕೆ ತೊಂದರೆಯಾಗಲಿಲ್ಲ.

ಕಾಯುವ ಕಾಲ

ಒಂದು ವರ್ಷ ದಾಟಿದರೆ ಆಶ್ಚರ್ಯಪಡಬೇಡಿ. ಇಲಾಖೆ ಏನಾದರೂ ಕೇಳಿದರೆ ಇಮೇಲಿನಲ್ಲಿ ಕೇಳುತ್ತದೆ, ಸಾಮಾನ್ಯವಾಗಿ 28 ದಿನದ ಗಡುವು. ಜುಲೈ ತಿಂಗಳ ಮಲೆನಾಡಿನಲ್ಲಿ 28 ದಿನ ಎಂದರೆ ಕರೆಂಟು ಇರುವ ಹನ್ನೆರಡು ದಿನ. ಇಮೇಲು ಗಂಡನಿಗೂ ಕಾಣುವಂತಿರಲಿ. ಅಧಿಕಾರಿ ಮುನ್ಸೂಚನೆಯಿಲ್ಲದೆ ಫೋನ್ ಮಾಡಲೂಬಹುದು. ಇಂಗ್ಲಿಷ್ ಸರಾಗವಿಲ್ಲದಿದ್ದರೆ ಕನ್ನಡ ದುಭಾಷಿ ಬೇಕೆಂದು ಕೇಳಿ. ಪಕ್ಕದಲ್ಲಿ ಅತ್ತೆ ನಿಂತು ಉತ್ತರ ಹೇಳಿಕೊಡುವುದು ಬೇಡ.

ನಡುವೆ ಸಂದರ್ಶಕರ 600 ವೀಸಾದಲ್ಲಿ ಹೋಗಿ ಬರಬಹುದು. ಅದಕ್ಕೆ 8503 ಎಂಬ ಷರತ್ತು ಹಾಕಿದ್ದರೆ ಅಲ್ಲೇ ಉಳಿದುಕೊಂಡು ಬೇರೆ ವೀಸಾ ಹಾಕಲು ಸಾಮಾನ್ಯವಾಗಿ ಆಗುವುದಿಲ್ಲ. ಮಗುವಾದರೆ, ಪಾಸ್‌ಪೋರ್ಟ್ ಬದಲಾದರೆ, ಮನೆ ಬದಲಾದರೆ ತಕ್ಷಣ ತಿಳಿಸಿ. ಹೊಸ ಸಾಕ್ಷಿಗಳನ್ನೂ ಆಗಾಗ ಸೇರಿಸುತ್ತಿರಿ.

ತಿರಸ್ಕಾರವಾದರೆ ಗಂಡ ಅಲ್ಲಿನ ಆಡಳಿತಾತ್ಮಕ ಪರಿಶೀಲನಾ ನ್ಯಾಯಮಂಡಳಿಗೆ ಹೋಗಬಹುದು. 2024ರ ಅಕ್ಟೋಬರ್ 14ರಿಂದ ಹಳೆಯ ಮಂಡಳಿಯ ಜಾಗಕ್ಕೆ ಬಂದದ್ದು ಇದು. ಗಡುವು ಪತ್ರದಲ್ಲೇ ಇರುತ್ತದೆ, ಒಂದು ದಿನ ತಪ್ಪಿದರೂ ಕಷ್ಟ.

ಸಿಕ್ಕ ಮೇಲೆ

309ರಲ್ಲಿ ಕೆಲಸ ಮಾಡಬಹುದು, ಓದಬಹುದು, ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ಯೋಜನೆಗೆ ಸೇರಬಹುದು, ಸರ್ಕಾರದ ಉಚಿತ ಇಂಗ್ಲಿಷ್ ತರಗತಿಯೂ ಇದೆ. ಮಂಜೂರಿ ಪತ್ರದಲ್ಲಿ ಮೊದಲ ಪ್ರವೇಶಕ್ಕೆ ಕೊನೆಯ ದಿನ ಬರೆದಿದ್ದರೆ ಅದರೊಳಗೆ ಇಳಿಯಬೇಕು. ಚೀಲ ಕಟ್ಟುವಾಗ ಅಡಿಕೆ, ಕವಳದ (ಎಲೆಅಡಿಕೆಯ) ಸಾಮಾನು ತೆಗೆದಿಡಿ. ನಾವು ಬೆಳೆದು ಬದುಕುವ ಅಡಿಕೆ ಅಲ್ಲಿ ನಿರ್ಬಂಧಿತ ವಸ್ತು. ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯುವುದಾದರೆ ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ಘೋಷಿಸಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.

ಹೆಣ್ಣುಮಕ್ಕಳಿಗೆ ಒಂದು ಮಾತು, ಇದನ್ನು ಗಂಡನ ಮನೆಯವರು ಹೇಳುವುದಿಲ್ಲ. ಅಲ್ಲಿ ಹೋದ ಮೇಲೆ ಗಂಡ ಹೊಡೆದರೆ, ದುಡ್ಡು ಪಾಸ್‌ಪೋರ್ಟು ಕಿತ್ತಿಟ್ಟರೆ, "ವೀಸಾ ರದ್ದು ಮಾಡಿಸುತ್ತೇನೆ" ಎಂದು ಹೆದರಿಸಿದರೆ ನಂಬಬೇಡಿ. ವೀಸಾ ರದ್ದು ಮಾಡುವ ಅಧಿಕಾರ ಸರ್ಕಾರದ್ದು, ಅವನದಲ್ಲ. ಕೌಟುಂಬಿಕ ದೌರ್ಜನ್ಯದಿಂದ ಸಂಬಂಧ ಮುರಿದರೂ ಕಾಯಂ ವೀಸಾ ಪಡೆಯಲು ಕಾನೂನಿನಲ್ಲಿ ದಾರಿಯಿದೆ. ತುರ್ತಿಗೆ 000, ಸಲಹೆಗೆ 1800 737 732. ಈ ಎರಡು ಸಂಖ್ಯೆಯನ್ನು ಫೋನಿನಲ್ಲಲ್ಲದೆ ಒಂದು ಕಾಗದದಲ್ಲೂ ಬರೆದಿಟ್ಟುಕೊಳ್ಳಿ.

ಎರಡನೇ ಹಂತಕ್ಕೆ ಅರ್ಜಿ ಹಾಕಿದ ದಿನದಿಂದ ಎರಡು ವರ್ಷ ಎಣಿಸಬೇಕು, ವೀಸಾ ಸಿಕ್ಕ ದಿನದಿಂದಲ್ಲ. ಆಗ ಮತ್ತೆ ಅದೇ ನಾಲ್ಕು ಕಂಬ, ಈ ಸಲ ಇಬ್ಬರ ಹೆಸರಿನ ಬಾಡಿಗೆ ಕರಾರು, ಇಬ್ಬರ ಹೆಸರಿನ ಕರೆಂಟ್ ಬಿಲ್ಲು. ತಂಗಿಯ ಆ ತಾರೀಖನ್ನು ಅಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದಾರೆ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ಫೋನ್ ನಂಬರಿನ ಪಕ್ಕದಲ್ಲಿ.